ಸ್ವಾಮಿಗಳ ಕೈಗುಣ

ಜೂನ್ ತಿಂಗಳಲ್ಲಿ ಕಟ್ಟಿದ ಎಂಟುನೂರು ಮಾವಿನ ಕಸಿಗಳಲ್ಲಿ ಚಿಗುರಿದ್ದು ಅರವತ್ತೋ ಎಪ್ಪತ್ತೋ. ಉಳಿದವೆಲ್ಲ ಕಸಿಗೆ ಹೊದಿಸಿದ ಪ್ಲಾಸ್ಟಿಕ್ ಟೋಪಿಯೊಳಗೇ ಕಪ್ಪಾಗಿದ್ದವು. ಮುಟ್ಟಿದರೆ ಕಡ್ಡಿ ಕೈಗೆ ಕಳಚಿ ಬರುತ್ತಿತ್ತು. ಶಿವರುದ್ರಸ್ವಾಮಿ ಮಂಡಿ ಹಿಡಿದುಕೊಂಡು ಶೆಡ್ಡಿನ ಸಾಲುಗಳ ನಡುವೆ ನಡೆಯುತ್ತ ಒಂದೊಂದೇ ಟೋಪಿ ಎತ್ತಿ ನೋಡಿ, ಹಾಗೇ ಮುಚ್ಚುತ್ತ ಬಂದ. ಹಿಂದೆ ಸೊಸೆ ಶಿವರಂಜನಿ ಬರುತ್ತಿದ್ದಳು.

"ಈ ಕೊನೇ ಸಾಲು ಮಾವ?"

"ಅವೂ ಓದವು ಕಣಮ್ಮಿ."

ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆಗೆ ಎರಡು ಮೈಲಿ ಬಂದರೆ ರಸ್ತೆಯ ಎಡಕ್ಕೆ ಅವರ ಮನೆ, ಮನೆಯ ಹಿಂದೆ ನರ್ಸರಿ. ಅದಕ್ಕೆ ಬೋರ್ಡಿರಲಿಲ್ಲ, ಬೇಕೂ ಇರಲಿಲ್ಲ. ಸ್ವಾಮ್ಗಳ ನರ್ಸರಿ ಎಂದರೆ ಚಂದಕವಾಡಿಯಿಂದ ಹಿಡಿದು ಗಡಿಯಾಚೆಯ ಬತ್ತೇರಿಯವರೆಗೆ ತೋಟ ಮಾಡುವವರಿಗೆಲ್ಲ ಗೊತ್ತು. ಬೇರೆಯವರು ಕಸಿ ಕಟ್ಟಿದರೆ ನೂರಕ್ಕೆ ಅರವತ್ತು ಹತ್ತಿದರೆ ಹೆಚ್ಚು, ಶಿವರುದ್ರಸ್ವಾಮಿ ಕಟ್ಟಿದರೆ ತೊಂಬತ್ತಕ್ಕೆ ಕಮ್ಮಿಯಿಲ್ಲ. ಜನ ಅದನ್ನು ಸ್ವಾಮ್ಗಳ ಕೈಗುಣ ಎನ್ನುತ್ತಿದ್ದರು. ಗಿಡ ಕೊಂಡವರು ಮೊದಲ ಗಿಡವನ್ನು ಅವನ ಕೈಯಿಂದಲೇ ಗಾಡಿಗೆ ಇಡಿಸಿಕೊಂಡು ಹೋಗುತ್ತಿದ್ದರು. ಮೂವತ್ತು ವರ್ಷ ಆ ಮಾತನ್ನು ಕೇಳಿಸಿಕೊಂಡು, ಹೌದು ಎನ್ನದೆ ಅಲ್ಲ ಎನ್ನದೆ, ಮೀಸೆ ಸವರುತ್ತ ನಿಂತವನು ಅವನು.

ಆ ಗುಣ ಇದ್ದದ್ದು ಎಲ್ಲಿ ಎಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಆ ಮನೆಯಲ್ಲಿ ಹಸಿರಿಗೆ ಕತ್ತಿ ಹಾಕುತ್ತಿರಲಿಲ್ಲ. ಆ ದಿನ ಅವನು ಮೂರು ಕಸಿ ಚಾಕುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು, ಪೇಪರ್ ಓದಿಕೊಂಡು ಬರುತ್ತೇನೆಂದು ಹೇಳಿ ಪೇಟೆಗೆ ಹೋಗುತ್ತಿದ್ದ. ಬಸ್ ನಿಲ್ದಾಣದ ಹೊರಗೆ ಛತ್ರಿಯ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದ ಮಾದಣ್ಣ ಆ ಚಾಕುಗಳನ್ನು ಕಲ್ಲಿನ ಮೇಲೆ ಮಸೆದು, ಆಮೇಲೆ ಮರದ ಹಲಗೆಗೆ ಅಂಟಿಸಿದ ತೊಗಲ ಪಟ್ಟಿಯ ಮೇಲೆ ಎಳೆದು ಎಳೆದು, ಕೊನೆಗೆ ತನ್ನ ಮುಂಗೈ ಕೂದಲಿಗೆ ತಾಗಿಸಿ ನೋಡಿ ಕೊಡುತ್ತಿದ್ದ. ಅಂಥ ಚಾಕು ಕಡ್ಡಿಯನ್ನು ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಕೊಯ್ದ ಎರಡು ಮುಖ ನುಣುಪಾಗಿದ್ದರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಜಜ್ಜಿಹೋದರೆ ನಡುವೆ ಗಾಳಿ ನಿಂತು ಕೊಳೆಯುತ್ತವೆ. ಇದ್ದ ವಿದ್ಯೆ ಅಷ್ಟೇ. ತೊಗಲಿನ ವಿಷಯ ಗೊತ್ತಾದರೆ ಹೆಂಡತಿ ಪುಟ್ಟಬಸಮ್ಮ ಆ ಚಾಕುಗಳನ್ನು ಹೊಸಿಲು ದಾಟಗೊಡಳು ಎಂಬುದು ಮೊದಮೊದಲು ಅವನು ತನಗೇ ಹೇಳಿಕೊಂಡ ನೆವ. ಆಮೇಲೂ ಹೇಳದೆ ಇದ್ದದ್ದು ಹೆಸರಿನ ರುಚಿ ಹತ್ತಿದ್ದರಿಂದ.

ಜನವರಿಯಲ್ಲಿ ಕಣ್ಣು ಮಂಜಾಗಿ ಮಾದಣ್ಣ ಚಾಮರಾಜನಗರದ ಮಗಳ ಮನೆಗೆ ಹೊರಟ. ಹೋಗುವ ದಿನ ಪಟ್ಟಿಯನ್ನು ಇವನ ಕೈಗಿಟ್ಟು, "ಮಡಿಕಳಿ ಬುದ್ದಿ. ಬಿಸ್ಲು ತಾಕಬಾರ್ದು, ನೀರು ತಾಕಬಾರ್ದು. ಇದನ್ನ ಎಂಗೆ ನೋಡ್ಕಬೇಕು ಅಂದ್ರೆ" ಎಂದು ಶುರುಮಾಡಿದ್ದ. ಗುರುತಿನವರು ಯಾರಾದರೂ ಕಂಡಾರು ಎಂಬ ಆತುರದಲ್ಲಿ ಶಿವರುದ್ರಸ್ವಾಮಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಂದವನೇ ಪಂಪ್‌ಹೌಸಿನ ಹೆಂಚಿನ ಸಂದಿಗೆ ಸಿಕ್ಕಿಸಿದ. ಏಪ್ರಿಲ್ ಹೊತ್ತಿಗೆ ಅದು ಹಲಗೆಯಿಂದ ಬಿಟ್ಟು ಹಪ್ಪಳದಂತೆ ಮುರುಟಿತ್ತು, ಒಂದು ತುದಿಯನ್ನು ಇಲಿ ತಿಂದಿತ್ತು. ಅದರ ಮೇಲೇ ಮಸೆಯಲು ಹೋಗಿ ಅಲಗನ್ನು ಮುಂದುಮಾಡಿ ತಳ್ಳಿದ. ತೊಗಲೇ ಉದ್ದಕ್ಕೆ ಸೀಳಿತು. ಬೇಲಿಯಾಚೆ ಎಸೆದ. ಕೊನೆಗೆ ಸೈಕಲ್ ಚಕ್ರದಲ್ಲಿ ಸಾಣೆ ಹಿಡಿಯುವವನೊಬ್ಬ ಬೀದಿಗೆ ಬಂದಾಗ ಮೂರೂ ಚಾಕು ಕೊಟ್ಟ. ಅವನು ಕಿಡಿ ಹಾರಿಸಿ ಕೊಟ್ಟುಹೋದ.

ಅವುಗಳಲ್ಲೊಂದನ್ನೇ ಜೂನಿನಲ್ಲಿ ಸೊಸೆಯ ಕೈಗೆ ಕೊಟ್ಟಿದ್ದ. ಶಿವರಂಜನಿ ಕುದೇರಿನ ಹುಡುಗಿ, ಮದುವೆಯಾಗಿ ಮೂರು ವರ್ಷವಾಗಿತ್ತು. ಮಾವನ ಮಂಡಿ ಸೋತ ಮೇಲೆ ಕಸಿಯ ಕೆಲಸವೆಲ್ಲ ಅವಳದೇ. "ಮಾವ, ಚಾಕು ಯಾಕೋ ಜಗ್ತದೆ" ಎಂದು ಎರಡನೇ ದಿನವೇ ಹೇಳಿದ್ದಳು.

"ಹೊಸ್ತಾಗಿ ಸಾಣೆ ಹಿಡ್ಸಿದ್ದು ಅಂಗೇ ಇರ್ತದೆ. ಮಾಡು" ಎಂದಿದ್ದ.

* * *

ಆ ದಿನ ಊಟಕ್ಕೆ ಕುಳಿತಾಗ ಪುಟ್ಟಬಸಮ್ಮ ಮುದ್ದೆ ಇಕ್ಕುತ್ತಲೇ ಬಾಯಿ ತೆಗೆದಳು.

"ಎಂಟ್ನೂರು ಗಿಡ! ಮೂವತ್ತು ವರ್ಸದಲ್ಲಿ ಒಂದಪನಾದ್ರೂ ಇಂಗಾಗಿತ್ತಾ?"

"ಈ ಸಲ ಮಳೆನೇ ಸರಿಯಾಗ್ಲಿಲ್ಲ ಕಣವ್ವ" ಎಂದ ಮಗ ಸೋಮಶೇಖರ್. ಅವನು ಗೂಡ್ಸ್ ಆಟೋದಲ್ಲಿ ಗಿಡ ಸಾಗಿಸುತ್ತಿದ್ದ. ಸಾಗಿಸಲು ಗಿಡವಿಲ್ಲದೆ ಎರಡು ದಿನದಿಂದ ಮನೆಯಲ್ಲೇ ಇದ್ದ.

"ಮಳೆ ಶೆಡ್ಡೊಳಕ್ಕೆ ಬತ್ತದೇನ್ಲಾ? ನೀ ಸುಮ್ನೆ ಉಣ್ಣು." ಪುಟ್ಟಬಸಮ್ಮ ಉಪ್ಸಾರಿನ ಪಾತ್ರೆ ಕೆಳಗಿಟ್ಟು ಸೊಸೆಯ ಕಡೆ ತಿರುಗಿದಳು. "ಅಮ್ಮಿ, ನಿಜ ಏಳ್ಬುಡು. ಒರಗಾಗಿದ್ದಾಗ ಶೆಡ್ಡಿಗೆ ಓಗಿದ್ಯಾ?"

ಶಿವರಂಜನಿಯ ಮುಖ ಕೆಂಪಾಯಿತು. "ಇಲ್ಲ ಅತ್ತೆ. ಆ ಮೂರು ದಿನ ನಾನು ಹಿತ್ತಲು ದಾಟ್ಲಿಲ್ಲ. ನೀವೇ ನೋಡಿದ್ರಿ."

"ನಾ ನೋಡ್ದಾಗ ದಾಟ್ಲಿಲ್ಲ. ನಾ ಕಾಣದಾಗ?"

"ಏನ್ರೀ, ನೀವಾದ್ರೂ ಹೇಳಿ" ಎಂದು ಅವಳು ಗಂಡನನ್ನು ನೋಡಿದಳು.

"ಅದೆಲ್ಲ ನಂಗೇನು ಗೊತ್ತು? ಅವ್ವ ಹೇಳ್ದಂಗೆ ನಾಕ್ ದಿನ ಕೇಳ್ಬುಡು, ಮುಗೀತದೆ."

"ನೀವೇ ಏಳಿ" ಎಂದು ಪುಟ್ಟಬಸಮ್ಮ ಶಿವರುದ್ರಸ್ವಾಮಿಯನ್ನು ಹಿಡಿದಳು. "ಮುಟ್ಟಾದೋರ ನೆಳ್ಳು ಬಿದ್ರೆ ಕಸಿ ಕೂಡ್ಕತದಾ? ನಿಮಗಿಂತ ತಿಳ್ದೋರು ಯಾರವ್ರೆ?"

ಅವನ ಬಾಯಲ್ಲಿ ತುತ್ತಿತ್ತು. ಚಾಕು ಮೊಂಡಾಗಿತ್ತು ಎಂದಿದ್ದರೆ ಸಾಕಾಗಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಆ ಮಾತಿನ ಬೆನ್ನಿಗೆ, ಇಷ್ಟು ವರ್ಷ ಮೊಂಡಾಗದ್ದು ಈಗ ಯಾಕಾಯಿತು ಎಂದು ಯಾರಾದರೂ ಕೇಳುತ್ತಿದ್ದರು. ಅವನು ತುತ್ತು ನುಂಗಿದ.

"ಇರ್ಬೋದು" ಎಂದ. "ಬುಡು ಈಗ."

ಶಿವರಂಜನಿ ತಲೆಯೆತ್ತಿ ಅವನನ್ನೇ ನೋಡಿದಳು. ಅವನು ತಟ್ಟೆಯ ಅಂಚಿನ ಉಪ್ಪನ್ನು ಬೆರಳಿನಿಂದ ಒತ್ತುತ್ತ ಕುಳಿತ. ಆವತ್ತಿನಿಂದ ಪುಟ್ಟಬಸಮ್ಮ ಅವಳನ್ನು ಶೆಡ್ಡಿಗೆ ಬಿಡಲಿಲ್ಲ.

* * *

ಮರುವಾರ ಸೋಮವಾರ ಯಾವ ತಾರೀಖಿಗೆ ಬೀಳುತ್ತದೆಂದು ನೋಡಲು ಶಿವರುದ್ರಸ್ವಾಮಿ ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತ. ಜುಲೈ ಪುಟದಲ್ಲಿ ಮೂರು ತಾರೀಖುಗಳ ಮೇಲೆ ಪೆನ್ನಿನಲ್ಲಿ ಗೀಟು ಎಳೆದಿತ್ತು. ಹಿಂದಿನ ಪುಟ ಮಗುಚಿದ. ಜೂನಿನಲ್ಲೂ ಮೂರು ಗೀಟು. ಮೊದಲು ಹಾಲಿನ ಲೆಕ್ಕವೆಂದುಕೊಂಡ. ಸೊಸೆ ಹೊರಗಾದ ದಿನಗಳಿಗೆ ಹೆಂಡತಿ ಹಾಕಿಟ್ಟ ಗುರುತೆಂದು ಹೊಳೆದಾಗ ಸರಕ್ಕನೆ ಕೈ ತೆಗೆದ. ಒಲೆಯ ಮುಂದಿದ್ದ ಸೊಸೆ ಬೆನ್ನು ತಿರುಗಿಸಿ ರೊಟ್ಟಿ ತಟ್ಟುತ್ತಿದ್ದಳು. ಅವಳು ನೋಡಲಿಲ್ಲವೆಂದು ಅವನು ನಂಬಿಕೊಂಡ.

ಸೊಸೆಯ ಪಾಲಿಗೆ ಈಗ ಹಸು, ಒಲೆ, ಬಟ್ಟೆ. ಪುಟ್ಟಬಸಮ್ಮನೇ ಶೆಡ್ಡಿಗೆ ನೀರು ಹಾಯಿಸುತ್ತಿದ್ದಳು. ಒಂದು ಮಧ್ಯಾಹ್ನ ಮಗನ ಕೋಣೆಯಿಂದ ಜಗಳ ಕೇಳಿಸಿತು.

"ಒಂದ್ಸಲ ತಪ್ಪಾಯ್ತು ಅಂದ್ಬುಡು. ನಿಂದೇನು ಗಂಟು ಹೋಗ್ತದೆ?"

"ಮಾಡದ ತಪ್ಪಿಗೆ ಯಾಕನ್ಬೇಕು?"

"ಅಪ್ಪನೇ ಇರ್ಬೋದು ಅಂದ್ರಲ್ಲ. ಅಪ್ಪಂಗಿಂತ ನೀ ತಿಳ್ದೋಳಾ?"

ಜಗಲಿಯ ಮೇಲೆ ಕುಳಿತಿದ್ದ ಶಿವರುದ್ರಸ್ವಾಮಿ ಎದ್ದು, ಕೆಲಸವಿಲ್ಲದಿದ್ದರೂ ಶೆಡ್ಡಿಗೆ ಹೋದ. ಆ ದಿನವೇ ಕಸಿಗೆ ಬುಡವಾಗುವ ಬೇರು ಗಿಡ ಆರಿಸಿ, ತಾನೇ ಕುಳಿತು ನೂರು ಕಸಿ ಕಟ್ಟಿದ. ಚಾಕುವನ್ನು ಕಲ್ಲಿಗೆ ಹಾಕಿ ಎಷ್ಟು ತಿಕ್ಕಿದರೂ ಅಲಗಿನಲ್ಲಿ ಗರಗಸದ ಹಾಗೆ ಸಣ್ಣ ತರಿ ಉಳಿಯುತ್ತಿತ್ತು. ಆದರೂ ಕಟ್ಟಿದ. ಹತ್ತಿದರೆ ಹತ್ತಿಬಿಡಲಿ, ತನ್ನ ಕೈಯಲ್ಲೇ ಏನಾದರೂ ಇದ್ದರೂ ಇರಬಹುದು ಎಂಬ ಒಂದು ಆಸೆ.

ಇಪ್ಪತ್ತನೇ ದಿನ ನೂರಕ್ಕೆ ನೂರೂ ಕಪ್ಪಾಗಿದ್ದವು.

ಅವನು ಮಾಡಿದ್ದಿಷ್ಟು: ಪುಟ್ಟಬಸಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ, ಸತ್ತ ಕಸಿಗಳನ್ನೆಲ್ಲ ಕಿತ್ತು ಗೋಣಿಚೀಲಕ್ಕೆ ತುಂಬಿ ಬೇಲಿಯಾಚೆ ಹಳ್ಳಕ್ಕೆ ಸುರಿದು ಬಂದ. ಖಾಲಿ ಚೀಲ ಕೊಡವುತ್ತ ತಿರುಗಿದಾಗ ಹಸುವಿಗೆ ಹುಲ್ಲು ಹೊತ್ತು ಬರುತ್ತಿದ್ದ ಶಿವರಂಜನಿ ಎದುರಾದಳು. ಅವಳು ಚೀಲವನ್ನು ನೋಡಿದಳು, ಹಳ್ಳದ ಕಡೆ ನೋಡಿದಳು.

"ಕಸ" ಎಂದ ಅವನು.

"ಹೂಂ ಮಾವ" ಎಂದು ಅವಳು ದಾರಿ ಬಿಟ್ಟು ನಡೆದಳು.

ಹಾಕಿದ್ದ ನೂರು ಎಲ್ಲಿ ಎಂದು ಪುಟ್ಟಬಸಮ್ಮ ಕೇಳಿದಾಗ, ಪುಣಜನೂರಿನವರು ಬಂದು ತೆಗೆದುಕೊಂಡು ಹೋದರು ಎಂದ. "ಹತ್ತಿದ್ವಾ ಅಂಗಾರೆ?" ಎಂದವಳ ಕಣ್ಣು ಅರಳಿತು. ಅವನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಅವಳು ಅದನ್ನು ಹೂಂ ಎಂದೇ ಹಿಡಿದಳು.

ಆ ಸುಳ್ಳು ಒಂದು ವಾರದಲ್ಲಿ ಮನೆ ಬಾಗಿಲಿಗೆ ಬಂದಿತು. ಶಿವರಂಜನಿಯ ತಂದೆ ಚಿಕ್ಕಮಲ್ಲಪ್ಪ ಕುದೇರಿನಿಂದ ಬಂದು, ಬಾಳೆಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟುಕೊಂಡು ಜಗಲಿಯ ತುದಿಯಲ್ಲಿ ಕುಳಿತರು. ಅಪ್ಪನ ಕೈಯಲ್ಲಿ ಹತ್ತಿದವೆಂದರೆ ತಪ್ಪು ಹೆಂಡತಿಯದೇ ಎಂದುಕೊಂಡು, ಮಗಳಿಗೆ ಬುದ್ಧಿ ಹೇಳಿ, ಇಲ್ಲದಿದ್ದರೆ ಕರೆದುಕೊಂಡು ಹೋಗಿ ಎಂದು ಸೋಮಶೇಖರ್ ಫೋನ್ ಮಾಡಿದ್ದನಂತೆ. ಶಿವರುದ್ರಸ್ವಾಮಿಗೆ ಅದು ಗೊತ್ತೇ ಇರಲಿಲ್ಲ.

"ತಾಯಿ ಇಲ್ದ ಮಗು ಸ್ವಾಮಿ" ಎಂದರು ಚಿಕ್ಕಮಲ್ಲಪ್ಪ. "ಆಚಾರ ವಿಚಾರ ಏಳ್ಕೊಡೋರಿರ್ಲಿಲ್ಲ. ತಿಳೀದೆ ಏನಾದ್ರೂ ಮಾಡಿದ್ರೆ ಒಟ್ಟೆಗಾಕ್ಕಳಿ." ಹೇಳುತ್ತ ಎರಡು ಕೈ ಜೋಡಿಸಿದರು. ಶಿವರುದ್ರಸ್ವಾಮಿಗಿಂತ ಅವರು ನಾಲ್ಕು ವರ್ಷ ದೊಡ್ಡವರು.

ಬಾಗಿಲಲ್ಲಿ ನಿಂತಿದ್ದ ಶಿವರಂಜನಿ, "ಅಪ್ಪಾ, ಕೈ ಇಳಿಸಿ" ಎಂದಳು. ಅವರು ಇಳಿಸಲಿಲ್ಲ. ಬೀಗರ ಬಾಯಿಂದ ಒಂದು ಮಾತು ಬರಲಿ ಎಂದು ಕಾದರು.

"ಆಯ್ತು ಬುಡಿ" ಎಂದ ಶಿವರುದ್ರಸ್ವಾಮಿ. ಮಾಡದ ತಪ್ಪಿಗೆ ಕೇಳಿದ ಕ್ಷಮೆಯನ್ನು ಅವನು ತೆಗೆದುಕೊಂಡಿದ್ದ. ಚಿಕ್ಕಮಲ್ಲಪ್ಪ ಊಟಕ್ಕೆ ನಿಲ್ಲದೆ ಹೊರಟಾಗ ಬಸ್ಸಿನವರೆಗೆ ಕಳಿಸಿ ಬರುವ ಮುಖ ಅವನಿಗೆ ಇರಲಿಲ್ಲ.

* * *

ಮರುದಿನ ಬೆಳಿಗ್ಗೆ, ಪಹಣಿಯ ಕೆಲಸವಿದೆ ಎಂದು ಹೇಳಿ ಚಾಮರಾಜನಗರದ ಬಸ್ಸು ಹತ್ತಿದ. ವಿಚಾರಿಸುತ್ತ ವಿಚಾರಿಸುತ್ತ ಮಾದಣ್ಣನ ಮಗಳು ರಾಚಮ್ಮನ ಮನೆ ಸಿಕ್ಕಿತು. ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು, ಕೆಲಸದಿಂದ ಆಗತಾನೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ಮಾದ ಇದ್ದಾನೇನಮ್ಮ?"

"ಮಾದಣ್ಣ ಅಂತ ನಮ್ಮಪ್ಪ ಒಬ್ರವ್ರೆ" ಎಂದಳು ರಾಚಮ್ಮ. "ಅವರೇ ಬೇಕಾ?"

"ಹೂಂ. ಅವರೇ."

ಒಳಗೆ ಮಂಚದ ಮೇಲಿದ್ದ ಮಾದಣ್ಣ ದನಿಯಲ್ಲೇ ಗುರುತು ಹಿಡಿದು ಎದ್ದ. "ಬುದ್ದಿ! ಕೂತ್ಕಳಿ. ಪಟ್ಟಿ ಎಂಗದೆ?"

ಶಿವರುದ್ರಸ್ವಾಮಿ ಆದದ್ದನ್ನೆಲ್ಲ ಹೇಳಿದ. ಬಿಸಿಲು, ಇಲಿ, ಸೀಳು, ಸತ್ತ ಎಂಟುನೂರು ಗಿಡ. ಸೊಸೆಯ ವಿಷಯವನ್ನೂ ಹೇಳಬೇಕಾಯಿತು, ಯಾಕೆಂದರೆ ರಾಚಮ್ಮ ಬಿಡದೆ ಕೇಳಿದಳು.

"ಅಂದ್ರೆ ಚಾಕೂನ ತಪ್ಪು ಎಣ್ಣೆಂಗ್ಸಿನ ಮೇಲೆ ಆಕುದ್ರಿ."

"ನಾನಾಗಿ ಆಕ್ಲಿಲ್ಲ. ಮನೇಲಿ ಅಂದ್ರು."

"ನೀವು ಅಲ್ಲ ಅಂದ್ರಾ?"

ಅವನು ಟವೆಲು ಬಿಚ್ಚಿ ಮೊಂಡು ಚಾಕುವನ್ನು ಮಂಚದ ಮೇಲಿಟ್ಟ.

"ಮೂವತ್ತು ವರ್ಸ ಸೋಮಾರ ಸೋಮಾರ ಬಂದ್ರಿ ಸ್ವಾಮಿ. ನಾ ಚಿಕ್ಕೋಳಿದ್ದಾಗಿಂದ ನೋಡಿವ್ನಿ. ಇದನ್ನ ಮಾಡ್ಕೊಟ್ಟೋರು ಇಂಥೋರು ಅಂತ ಒಬ್ರ ಮುಂದಾದ್ರೂ ನಮ್ಮಪ್ಪನ ಎಸ್ರು ಎತ್ತಿದ್ರಾ?"

"ಬುಡವ್ವ, ಮನೆ ಬಾಗ್ಲಿಗೆ ಬಂದವ್ರೆ" ಎಂದ ಮಾದಣ್ಣ.

"ಅದ್ಕೇ ಕೇಳ್ತಿರೋದು. ಬಸ್‌ಸ್ಟ್ಯಾಂಡಲ್ಲಿ ಕೇಳಕಾಯ್ತಿತ್ತಾ?"

ಮಾದಣ್ಣ ಮಂಚದ ಕೆಳಗಿನ ಟ್ರಂಕ್ ಎಳೆಸಿ, ಬಟ್ಟೆಯಲ್ಲಿ ಸುತ್ತಿದ ತೊಗಲನ್ನು ತೆಗೆದು ಕೈಯಲ್ಲಿ ಸವರಿ ನೋಡಿದ. "ಎಮ್ಮೆ ತೊಗಲು. ಆವರಿಕೆ ಗಿಡದ ಚಕ್ಕೇಲಿ ಅದ ಮಾಡಿದ್ದು. ಬೂಟಿನ ತೊಗಲು ಇದ್ಕಾಗಲ್ಲ, ಮೆತ್ಗಿರ್ತದೆ. ನನ್ ಕಣ್ಣು ಕಾಣಲ್ಲ ಬುದ್ದಿ. ನಾ ಏಳ್ತೀನಿ, ನೀವೇ ಮಾಡ್ಬೇಕು."

ಶಿವರುದ್ರಸ್ವಾಮಿ ಹುಟ್ಟಿದಂದಿನಿಂದ ಚಪ್ಪಲಿಯನ್ನು ಕಾಲಿನಿಂದ ಮುಟ್ಟಿದ್ದನೇ ಹೊರತು ತೊಗಲನ್ನು ಕೈಯಿಂದ ಹದ ಮಾಡಿದವನಲ್ಲ. ರಾಚಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ನೆಲದ ಮೇಲೆ ಕುಳಿತ. ಒಂದೂವರೆ ಗೇಣು ಉದ್ದ, ಮೂರು ಬೆರಳಗಲ ಕೊಯ್ದ. ಒದ್ದೆ ಬಟ್ಟೆಯಿಂದ ಬರೀ ಮೇಲ್ಮೈ ತೇವ ಮಾಡಿ, ಗಾಜಿನ ಬಾಟಲಿಯನ್ನು ಉರುಳಿಸಿ ಉರುಳಿಸಿ ಒತ್ತಿದ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಮಾದಣ್ಣ ಬೆರಳಲ್ಲೇ ಸವರಿ ಹೇಳುತ್ತಿದ್ದ. "ಇಲ್ಲಿ. ಇನ್ನೊಂಚೂರು. ನೆರಳಲ್ಲಿ ಒಣಗ್ಬೇಕು, ಅವಸರ ಮಾಡಿದ್ರೆ ಬಿರೀತದೆ. ನಾಳಿದ್ದು ಬನ್ನಿ."

ಮೂರನೇ ದಿನ ಮತ್ತೆ ಹೋದ. ಒಳಮೈಯನ್ನು ಮರಳು ಕಾಗದದಿಂದ ಉಜ್ಜಿ, ತೇಗದ ಹಲಗೆಗೆ ಗೋಂದು ಹಚ್ಚಿ ಕೂರಿಸಿ, ಮೇಲೆ ರುಬ್ಬುಗುಂಡು ಹೇರಿ ಬಂದ. ಐದನೇ ದಿನ ಹೋದಾಗ ಅದು ಹಲಗೆಯ ಮೈಯೇ ಆಗಿಹೋಗಿತ್ತು. ಹರಳೆಣ್ಣೆ ನಾಲ್ಕೇ ಹನಿ ಹಾಕಿ ಅಂಗೈಯಿಂದ ತಿಕ್ಕಿದ. ಪಾತ್ರೆಗೆ ಹೊಳಪು ಹಾಕುವವರು ಬಳಸುವ ಹಸಿರು ಸೋಪನ್ನು ತೆಳ್ಳಗೆ ಬಳಿದ.

"ಅಲಗು ಇಂದೆ, ಬೆನ್ನು ಮುಂದೆ" ಎಂದ ಮಾದಣ್ಣ. "ಎಳೀಬೇಕು, ತಳ್ಳಬಾರ್ದು. ತುದೀಲಿ ಎತ್ಬೇಡಿ, ಬೆನ್ನಿನ ಮೇಲೇ ಒರಳ್ಸಿ. ಚಾಕೂನ ತೂಕವೇ ಸಾಕು, ನಿಮ್ ತೂಕ ಆಕ್ಬೇಡಿ. ಆ ಕಡೆ ಹತ್ತು, ಈ ಕಡೆ ಹತ್ತು. ತಿಂಗ್ಳಿಗೊಂದಪ ಮೇಲಿನ ಕಪ್ಪನ್ನ ಚಾಕೂನ ಬೆನ್ನಲ್ಲಿ ಕೆರೆದು ಎಣ್ಣೆ ತೋರ್ಸಿ. ತಗಡಿನ ಡಬ್ಬೀಲಿ ಮಡಗಿ, ಇಲಿಗೆ ಈ ಎಣ್ಣೆ ವಾಸ್ನೆ ಅಂದ್ರೆ ಪ್ರಾಣ."

ಈ ಸಲ ಶಿವರುದ್ರಸ್ವಾಮಿ ಪೂರ್ತಿ ಕೇಳಿಸಿಕೊಂಡ. ಹೊರಡುವಾಗ ಜೇಬಿಗೆ ಕೈ ಹಾಕಿದ. ರಾಚಮ್ಮ ತಲೆಯಾಡಿಸಿದಳು. "ದುಡ್ಡು ಬೇಡ ಸ್ವಾಮಿ. ಆ ಎಣ್ಮಗೀಗೆ ನಿಜ ಏಳಿ. ಅಷ್ಟು ಮಾಡಿ."

* * *

ಆಗಸ್ಟ್ ಮುಗಿಯುವುದರೊಳಗೆ ಅವನು ದಿನಕ್ಕೆ ಮೂವತ್ತು ನಲವತ್ತರಂತೆ ಮುನ್ನೂರು ಕಸಿ ಕಟ್ಟಿದ. ಸೆಪ್ಟೆಂಬರಿನ ಎರಡನೇ ವಾರಕ್ಕೆ ಟೋಪಿಗಳ ಒಳಗೆ ತಾಮ್ರದ ಬಣ್ಣದ ಚಿಗುರು ಮೂಡಿತು. ಪುಟ್ಟಬಸಮ್ಮ ಶೆಡ್ಡಿನಿಂದ ಓಡಿಬಂದಳು.

"ನೋಡಿದ್ರಾ? ಒಂದೂ ಓಗಿಲ್ಲ! ಅವ್ಳು ಕೈ ಇಕ್ಕದೆ ಇದ್ರೆ ಎಂಗಾಯ್ತದೆ ನೋಡಿದ್ರಾ?"

ಶಿವರುದ್ರಸ್ವಾಮಿ ಇದನ್ನು ಎಣಿಸಿಯೇ ಇರಲಿಲ್ಲ. ಗಿಡ ಉಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ. ಉಳಿದ ಒಂದೊಂದು ಗಿಡವೂ ಈಗ ಸೊಸೆಯ ಮೇಲಿನ ಸಾಕ್ಷಿಯಾಗಿ ನಿಂತಿತ್ತು.

ಅವನು ಕೊಟ್ಟಿಗೆಗೆ ಹೋದ. ಶಿವರಂಜನಿ ಹಾಲು ಕರೆಯುತ್ತಿದ್ದಳು.

"ರಂಜನಿ, ತಪ್ಪು ನಿಂದಲ್ಲ. ಚಾಕೂದು."

ಅವಳು ಕೈ ನಿಲ್ಲಿಸಲಿಲ್ಲ. "ಗೊತ್ತು ಮಾವ."

"ಗೊತ್ತಾ?"

"ಹಳ್ಳಕ್ಕೆ ಸುರಿದ್ರಲ್ಲ, ಅವನ್ನ ಎತ್ಕೊಂಡು ಬಂದು ಬಿಚ್ಚಿ ನೋಡ್ದೆ. ನನ್ನವು ಹೆಂಗೆ ಜಜ್ಜಿದ್ವೋ ಅವೂ ಹಂಗೇ ಜಜ್ಜಿದ್ವು."

"ಯಾರಿಗೂ ಯಾಕ್ ಏಳ್ಲಿಲ್ಲ?"

"ಹೇಳಿದ್ರೆ ತನ್ನ ತಪ್ಪನ್ನ ಮಾವನ ಮೇಲೆ ಹಾಕ್ತಾಳೆ ಅಂತಿದ್ರು. ನೀವೇ ಹೇಳ್ತೀರೇನೋ ಅಂತ ಕಾದೆ. ನಮ್ಮಪ್ಪ ಬಂದ ದಿನಾನೂ ಕಾದೆ."

"ಈಗ ಏಳ್ದೆನಲ್ಲವ್ವ."

"ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ ಏನು ಬಂತು ಮಾವ?" ಅವಳು ಎದ್ದು ಚೊಂಬು ಎತ್ತಿಕೊಂಡಳು. "ಕ್ಯಾಲೆಂಡರಿಗೆ ಗೀಟು ಎಳೆಯೋರಿಗೆ ಹೇಳಿ."

ನಾಲ್ಕು ದಿನ ಅವನಿಂದ ಆಗಲಿಲ್ಲ. ಬೆಳಿಗ್ಗೆ ಕಾಫಿಗೆ ಹೇಳುತ್ತೇನೆಂದುಕೊಳ್ಳುವನು, ಮಧ್ಯಾಹ್ನಕ್ಕೆ ಮುಂದೂಡುವನು. ಊಟದ ಹೊತ್ತಿಗೆ ಪುಟ್ಟಬಸಮ್ಮ ಸೊಸೆಗೆ ಏನಾದರೂ ಅಂದರೆ ಬೇಗಬೇಗ ಉಂಡು ಏಳುವನು. ಐದನೇ ದಿನ ಚಂದಕವಾಡಿಯ ಗುರುಸ್ವಾಮಿ ಗಿಡ ಒಯ್ಯಲು ಬಂದ. ಹಳೆಯ ಗಿರಾಕಿ, ನೆಂಟರಂತೆ ಆದವನು. ಪುಟ್ಟಬಸಮ್ಮ ಒಬ್ಬಟ್ಟು ಮಾಡಿದ್ದಳು. ಗಂಡ, ಮಗ, ಗುರುಸ್ವಾಮಿ ಸಾಲಾಗಿ ಕುಳಿತರು. ಶಿವರಂಜನಿ ತುಪ್ಪ ಬಡಿಸುತ್ತ ಬಂದಳು.

"ಗಿಡ ಒಂದೊಂದೂ ಬಂಗಾರ ಇದ್ದಂಗವೆ" ಎಂದ ಗುರುಸ್ವಾಮಿ. "ಈ ವರ್ಸ ಸ್ವಾಮ್ಗಳ ನರ್ಸರಿ ಕೆಟ್ಟೋಯ್ತು ಅಂತ ಯಾರೋ ಅಂದಿದ್ರು."

"ಕೆಟ್ಟಿತ್ತು ಕಣಪ್ಪ" ಎಂದಳು ಪುಟ್ಟಬಸಮ್ಮ. "ಮುಟ್ಟಬಾರದೋರು ಮುಟ್ಟಿದ್ರು. ಈಗ ಕೈ ಬದಲಾಯ್ತು, ನೋಡು. ಇವರ ಕೈಗುಣ ಎಲ್ಲಿಗೋದದು?"

ತುಪ್ಪದ ಮಿಳ್ಳೆ ಹಿಡಿದಿದ್ದ ಶಿವರಂಜನಿಯ ಕೈ ಮಾವನ ತಟ್ಟೆಯ ಮೇಲೆ ನಿಂತಿತು. ಅವಳು ಅವನನ್ನು ನೋಡಲಿಲ್ಲ.

"ಕೈಗುಣ ನಂದಲ್ಲ" ಎಂದ.

"ಏನಂದ್ರಿ?"

"ನನ್ನ ಕೈಲಿ ಯಾವ ಗುಣವೂ ಇಲ್ಲ. ಬಸ್‌ಸ್ಟ್ಯಾಂಡ್ ಮುಂದೆ ಚಪ್ಲಿ ಒಲೀತಿದ್ದ ಮಾದಣ್ಣ ಅಂತ. ಮೂವತ್ತು ವರ್ಸ ನನ್ನ ಚಾಕೂನ ತೊಗಲ ಪಟ್ಟಿ ಮೇಲೆ ಮಸೆದುಕೊಟ್ಟೋನು ಅವನು. ಅವನು ಊರು ಬುಟ್ಟ, ನನ್ನ ಚಾಕು ಮೊಂಡಾಯ್ತು. ಮೊಂಡು ಚಾಕೂನ ಇವಳ ಕೈಗೆ ಕೊಟ್ಟೋನು ನಾನು. ಗಿಡ ಸತ್ತಿದ್ದು ಅದ್ಕೆ." ತಟ್ಟೆ ಸರಿಸಿ ಹೆಂಡತಿಯ ಕಡೆ ತಿರುಗಿದ. "ಪುಣಜನೂರಿನೋರು ತಕ್ಕೊಂಡೋದ್ರು ಅಂದ್ನಲ್ಲ, ಆ ನೂರೂ ಸತ್ತಿದ್ವು. ಹಳ್ಳಕ್ಕೆ ಸುರಿದೆ. ಆವತ್ತು ನೀ ಕೇಳ್ದಾಗ ನಂಗೆ ಗೊತ್ತಿತ್ತು. ಗೊತ್ತಿದ್ದೂ ಇರ್ಬೋದು ಅಂದೆ."

ಮೊದಲು ಬಾಯಿ ಬಂದದ್ದು ಪುಟ್ಟಬಸಮ್ಮನಿಗೆ. "ತೊಗಲಾ? ಲಿಂಗ ಇರೋ ಮನೇಲಿ ಮೂವತ್ತು ವರ್ಸ ತೊಗಲ ಮೇಲೆ ಎಳೆದ ಚಾಕಾ?"

"ಅವ್ವ!" ಎಂದು ಸೋಮಶೇಖರ್ ತಟ್ಟೆ ತಳ್ಳಿದ. "ನೀ ತೊಗಲಿನ ಮಾತಾಡ್ತೀಯಲ್ಲ. ಅಪ್ಪ, ನಾನು ಅವರಪ್ಪಂಗೆ ಫೋನ್ ಮಾಡಿ ಕರ್ಕೊಂಡೋಗಿ ಅಂದಿದ್ದೆ. ನೀ ಅಂದ ಒಂದು ಮಾತು ನಂಬ್ಕೊಂಡು."

"ನಂಬಿದ್ದು ನೀವು" ಎಂದಳು ಶಿವರಂಜನಿ ಗಂಡನಿಗೆ, ಮೆಲ್ಲಗೆ. "ಅದನ್ನೂ ಮಾವನ ಮೇಲೇ ಹಾಕ್ಬೇಡಿ." ತುಪ್ಪ ಬಡಿಸಿ ಒಳಗೆ ಹೋದಳು.

ಗುರುಸ್ವಾಮಿ ಕೆಮ್ಮಿದ. "ಯಾರ ಗುಣವಾದ್ರೇನು ಬುಡಿ ಸ್ವಾಮಿ, ಗಿಡ ಚೆನ್ನಾಗವೆ" ಎಂದು ಹೇಳಿ ಗಿಡ ತುಂಬಿಕೊಂಡು ಹೋದ. ಈ ಸಲ ಮೊದಲ ಗಿಡವನ್ನು ಮುಟ್ಟಿಕೊಡಿ ಎಂದು ಕೇಳಲಿಲ್ಲ.

* * *

ಸುದ್ದಿ ಗುರುಸ್ವಾಮಿಗಿಂತ ಮುಂಚೆ ಊರು ಮುಟ್ಟಿತು. "ಏನ್ ಸ್ವಾಮ್ಗಳೆ, ಕೈಗುಣಕ್ಕೆ ಚಾಮರಾಜನಗರಕ್ಕೆ ವರ್ಗ ಆಯ್ತಂತೆ?" ಎಂದು ಟೀ ಅಂಗಡಿಯಲ್ಲಿ ಕೇಳಿದರು. ಅವನು ಹೌದೆಂದ. ಕುದೇರಿಗೆ ಹೋಗಿ ಚಿಕ್ಕಮಲ್ಲಪ್ಪನವರಿಗೂ ಹೇಳಿ ಬಂದ. ಅವರು, "ನಾನು ಕೈ ಮುಗ್ದೆನಲ್ಲ ಸ್ವಾಮಿ ಆವತ್ತು" ಎಂದರು.

ಮನೆಯಲ್ಲಿ ಪುಟ್ಟಬಸಮ್ಮ ಅವನ ತಟ್ಟೆ ಲೋಟ ಬೇರೆ ಮಾಡಿದಳು. ಅವನು ಜಗಲಿಯ ಮೇಲೆ ಕುಳಿತು ಉಂಡ. ಹೆಂಡತಿ ಸೊಸೆಯೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಕ್ಯಾಲೆಂಡರಿನ ಅಕ್ಟೋಬರ್ ಪುಟದಲ್ಲಿ ಗೀಟು ಇರಲಿಲ್ಲ. ಅಷ್ಟರಮಟ್ಟಿಗೆ ಅವಳು ಸೋತಿದ್ದಳು.

ವರ್ಷದ ಕೊನೆಯ ಸುತ್ತಿನ ಕಸಿ ಉಳಿದಿತ್ತು. ಒಂದು ಬೆಳಿಗ್ಗೆ ಶಿವರುದ್ರಸ್ವಾಮಿ ಶೆಡ್ಡಿನ ಬಾಗಿಲಲ್ಲಿ ಚಾಕು ಮಸೆಯುತ್ತಿದ್ದಾಗ ಪುಟ್ಟಬಸಮ್ಮ ಅಂಗಳದಲ್ಲಿ ನಿಂತು ಯಾರ ಮುಖವನ್ನೂ ನೋಡದೆ, "ಅಮ್ಮಿ, ನೀನೂ ಶೆಡ್ಡಿಗೆ ಓಗು. ಒಬ್ರ ಕೈಲಿ ಮುಗಿಯೋದಲ್ಲ ಅದು" ಎಂದಳು. ಅವಳಿಂದ ಬರಬಹುದಾದ ಮಾತು ಅಷ್ಟೇ ಎಂದು ಅವನಿಗೆ ಗೊತ್ತಿತ್ತು.

ಬಟ್ಟೆ ಹಿಂಡುತ್ತಿದ್ದ ಶಿವರಂಜನಿ ನೆಟ್ಟಗೆ ನಿಂತಳು. "ನಾನು ಇವತ್ತು ಹೊರಗಾಗಿದ್ದೀನಿ ಅತ್ತೆ" ಎಂದಳು, ಶೆಡ್ಡಿಗೂ ಕೇಳುವಷ್ಟು ಗಟ್ಟಿಯಾಗಿ.

ಸೊಸೆಯಾದವಳು ಮಾವನ ಎದುರು ಆಡಲಾರದ ಮಾತನ್ನು ಆಡಿಸಿದವನು ತಾನೆಂದು ಶಿವರುದ್ರಸ್ವಾಮಿಯ ಕಿವಿ ಬಿಸಿಯಾಯಿತು. ಎದ್ದು ನಿಂತ.

"ಬಾ ತಾಯಿ. ಇವತ್ತೇ ಬಾ. ನೀ ಕಟ್ಟಿದ್ದನ್ನ ಬೇರೆ ಸಾಲಲ್ಲಿ ಮಡಗನ. ಇಪ್ಪತ್ತು ದಿನಕ್ಕೆ ನಿಮ್ಮತ್ತೆ ತಾನೇ ಬಂದು ನೋಡ್ಲಿ. ಓದ್ರೆ ನನ್ನ ತಲೆ ಮೇಲಿರ್ಲಿ."

ಶಿವರಂಜನಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. "ಪರೀಕ್ಷೆಗೆ ನಾನು ಬರಲ್ಲ ಮಾವ. ಕೆಲಸಕ್ಕಾದ್ರೆ ಬರ್ತೀನಿ. ಬೇರೆ ಸಾಲು ಬೇಡ, ನಿಮ್ಮವುಗಳ ಜೊತೇಲೇ ಇಡಿ."

ಅವನಿಗೆ ಮತ್ತೊಮ್ಮೆ ನಾಚಿಕೆಯಾಯಿತು. ತಪ್ಪು ತಿದ್ದಿಕೊಳ್ಳಲು ಹೋಗಿಯೂ ಅವಳನ್ನೇ ಸಾಲಿನಲ್ಲಿ ನಿಲ್ಲಿಸಲು ಹೊರಟಿದ್ದ. "ಆಯ್ತವ್ವ, ಜೊತೇಲೇ ಮಡಗನ" ಎಂದ.

ಅವಳು ಬಂದು ಎದುರಿನ ಮಣೆಯ ಮೇಲೆ ಕುಳಿತು, ಅವನ ಕೈಯಿಂದ ಚಾಕು ತೆಗೆದುಕೊಂಡಳು. "ಹೆಂಗೆ ಎಳೀಬೇಕು?"

"ಅಲಗು ಇಂದೆ, ಬೆನ್ನು ಮುಂದೆ. ಎಳೀಬೇಕು, ತಳ್ಳಬಾರ್ದು. ಮಾದಣ್ಣ ಏಳಿದ್ದು."

ಅವಳು ಆ ಕಡೆ ಹತ್ತು, ಈ ಕಡೆ ಹತ್ತು ಎಳೆದಳು. ಸಂಜೆಯವರೆಗೆ ಇಬ್ಬರೂ ಸೇರಿ ನೂರಿಪ್ಪತ್ತು ಕಟ್ಟಿದರು. ಕಟ್ಟಿದ್ದನ್ನೆಲ್ಲ ಒಂದೇ ಕಡೆ ಜೋಡಿಸಿದರು.

ಇಪ್ಪತ್ತೊಂದನೇ ದಿನ ಪುಟ್ಟಬಸಮ್ಮ ಶೆಡ್ಡಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಶಿವರುದ್ರಸ್ವಾಮಿ ಹೋಗಿ ನೋಡಿದರೆ, ಸಾಲಿನ ನಡುವೆ ಬಗ್ಗಿ ಒಂದೊಂದೇ ಟೋಪಿ ಎತ್ತಿ ನೋಡುತ್ತಿದ್ದಳು. ಏಳೆಂಟು ಬಿಟ್ಟರೆ ಎಲ್ಲ ಚಿಗುರಿದ್ದವು.

"ಇದ್ರಲ್ಲಿ ಅವಳು ಕಟ್ಟಿದ್ದು ಯಾವುವು?" ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಅವನೊಡನೆ ಆಡಿದ ಮೊದಲ ಮಾತು.

ಅವನು ಸಾಲಿನ ಉದ್ದಕ್ಕೂ ನೋಡಿದ.

"ಗೊತ್ತಿಲ್ಲ" ಎಂದ. ಅದು ನಿಜವಾಗಿತ್ತು.

ಪುಟ್ಟಬಸಮ್ಮ ಇನ್ನೂ ಸ್ವಲ್ಪ ಹೊತ್ತು ಹುಡುಕಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ನೀರಿನ ಪೈಪು ತೆಗೆದುಕೊಂಡು, ಎಲ್ಲದಕ್ಕೂ ನೀರು ಹಾಯಿಸತೊಡಗಿದಳು.